ಬಾಂಡ್‌ನಲ್ಲಿ ಅತ್ತೆಯ ಹೆಸರಿದೆ, ನನಗೇನೂ ಬರೋದಿಲ್ಲವಾ?

ಪ್ರಶ್ನೆ: ನನಗೆ 29 ವರ್ಷ, ನಾಲ್ಕು ವರ್ಷದ ಮಗನಿದ್ದಾನೆ. ಎರಡು ತಿಂಗಳ ಹಿಂದೆ ನಮ್ಮ ಮನೆಯವರು ಅಪಘಾತದಲ್ಲಿ ತೀರಿಕೊಂಡರು. ಅವರ ಎಲ್‌ಐಸಿ ಬಾಂಡ್ ಮದುವೆಗೆ ಮುಂಚಿನದು, ನಾಮಿನಿ ಅತ್ತೆ. ಪೂರ್ತಿ ದುಡ್ಡು ನಾಮಿನಿಗೇ ಅಂತ ಮೈದುನ ಹೇಳುತ್ತಾನೆ. ಅತ್ತೆ ಏನೂ ಮಾತಾಡುತ್ತಿಲ್ಲ. ನಾನು ಕೇಳಿದರೆ ಗಂಡ ಹೋಗಿ ಎರಡು ತಿಂಗಳಿಗೇ ದುಡ್ಡಿಗೆ ನಿಂತಳು ಅಂತ ಜನ ಆಡಿಕೊಳ್ಳುತ್ತಾರೆ. ಅವರು ನನ್ನನ್ನು ಮರೆತೇಬಿಟ್ಟಿದ್ದರಾ?
– ಹೆಸರು ಬೇಡ, ಹಾವೇರಿ ಜಿಲ್ಲೆ

ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಅವರು ನಿಮ್ಮನ್ನು ಮರೆತಿರಲಿಲ್ಲ, ತಂಗಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಂಡ್ ಮಾಡಿಸುವ ಹುಡುಗರು ನಾಮಿನಿ ಅಂದ ಕೂಡಲೇ ಅಮ್ಮನ ಹೆಸರು ಹೇಳುತ್ತಾರೆ. ಆಗ ಅವರಿಗೆ ಇರೋದು ಅಮ್ಮನೇ ಅಲ್ವಾ? ಮದುವೆಯಾದ ಮೇಲೆ ಒಂದು ಫಾರಂ ಕೊಟ್ಟರೆ ಹೆಸರು ಬದಲಾಗುತ್ತದೆ. ಎಷ್ಟೋ ಮನೆಗಳಲ್ಲಿ ಅದು ನಾಳೆ, ನಾಡಿದ್ದು ಅಂತ ಹಾಗೇ ಉಳಿದುಬಿಡುತ್ತದೆ.

ಮೈದುನ ಹೇಳಿದ್ದು ಅರ್ಧ ನಿಜ. ಎಲ್‌ಐಸಿಯವರು ದುಡ್ಡು ಹಾಕೋದು ನಾಮಿನಿಯ ಖಾತೆಗೇ. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ದುಡ್ಡು ಅವರದೇ ಅನ್ನುವ ಅರ್ಥ ಬರುವಂತೆ 2015ರಲ್ಲಿ ವಿಮಾ ಕಾಯ್ದೆಯ 39ನೇ ಸೆಕ್ಷನ್ ಬದಲಾಯಿತು. ಗೊಂದಲ ಶುರುವಾಗಿದ್ದೇ ಅಲ್ಲಿ. ಆದರೆ 2025ರಲ್ಲಿ ಕರ್ನಾಟಕ ಹೈಕೋರ್ಟಿಗೆ ಥೇಟ್ ನಿಮ್ಮಂಥದೇ ಕೇಸು ಬಂದಿತ್ತು. ಮದುವೆಗೆ ಮುಂಚಿನ ಪಾಲಿಸಿ, ತಾಯಿ ನಾಮಿನಿ, ಮಗು ಹುಟ್ಟಿದ ಮೇಲೂ ಹೆಸರು ಬದಲಾಗಿಲ್ಲ. ವಾರಸುದಾರರು ಪಾಲು ಕೇಳಿದರೆ ನಾಮಿನಿ ಒಬ್ಬರೇ ಇಟ್ಟುಕೊಳ್ಳುವಂತಿಲ್ಲ ಎಂದ ಕೋರ್ಟು, ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಕೊಟ್ಟಿತು. ಬೇರೆ ರಾಜ್ಯದ ಹೈಕೋರ್ಟುಗಳು ಬೇರೆ ಥರ ಹೇಳಿದ್ದೂ ಉಂಟು. ನಿಮಗೆ ಆಧಾರ ಮಾತ್ರ ನಮ್ಮ ಹೈಕೋರ್ಟಿನ ಈ ತೀರ್ಪು.

ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಇದರಲ್ಲಿ ಮೈದುನನಿಗೆ ಪಾಲಿಲ್ಲ. ಅತ್ತೆಗೆ ಇದೆ. ಅದನ್ನು ನೀವೇ ಮೊದಲು ಬಾಯಿಬಿಟ್ಟು ಹೇಳಿದರೆ ಒಳ್ಳೆಯದು. ಮಗನನ್ನು ಕಳೆದುಕೊಂಡ ತಾಯಿ ಅವರು. ಮೈದುನ ಇಲ್ಲದ ಹೊತ್ತು ನೋಡಿ ಹತ್ತಿರ ಕೂತು, "ನಿಮ್ಮ ಪಾಲು ನಿಮಗೇ ಇರಲಿ ಅತ್ತೆ, ಮೊಮ್ಮಗನದ್ದು ಅವನ ಹೆಸರಲ್ಲಿ ಎಫ್‌ಡಿ ಇಡೋಣ" ಅನ್ನಿ. ಅವರ ಮೌನ ಒಪ್ಪಿಗೆಯೋ ಹೆದರಿಕೆಯೋ ಆಗ ಗೊತ್ತಾಗುತ್ತದೆ. ಜನ ಆಡಿಕೊಂಡರೆ ಆಡಿಕೊಳ್ಳಲಿ. ನಾಳೆ ನಿಮ್ಮ ಮಗನ ಸ್ಕೂಲ್ ಫೀಸು ಅವರು ಕಟ್ಟೋದಿಲ್ಲ.

ಅತ್ತೆ ಒಪ್ಪದಿದ್ದರೆ ಕಾಯುತ್ತಾ ಕೂರಬೇಡಿ. ಬ್ರಾಂಚ್‌ಗೆ ತಕರಾರು ಅರ್ಜಿ ಕೊಡಿ, ಆದರೆ ಅದನ್ನೇ ನಂಬಬೇಡಿ. ದುಡ್ಡು ನಿಲ್ಲಿಸೋಕೆ ಕೋರ್ಟಿನ ತಡೆಯಾಜ್ಞೆ ಬೇಕು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ವಕೀಲರು ಪುಕ್ಕಟೆ.

ನಿಮ್ಮ ಮನೆಯವರಿಗೆ ಪಿಎಫ್ ಇತ್ತಾ? ಅಲ್ಲಿ ಮದುವೆಗೆ ಮುಂಚಿನ ನಾಮಿನೇಷನ್ ಮದುವೆಯಾದ ಮೇಲೆ ನಡೆಯೋದಿಲ್ಲ. ಅದರ ಜೊತೆಗಿನ ವಿಮೆಯಿಂದ 7 ಲಕ್ಷದವರೆಗೂ ಬರಬಹುದು, ನಿಮಗೆ ಮತ್ತು ಮಗುವಿಗೆ ಪಿಂಚಣಿಯೂ ಇದೆ. ಅವರ ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಜೀವನ್ ಜ್ಯೋತಿ ವಿಮೆಯ 2 ಲಕ್ಷ, 20 ರೂಪಾಯಿ ಕಡಿತವಾಗಿದ್ದರೆ ಅಪಘಾತ ವಿಮೆಯ ಇನ್ನೊಂದು 2 ಲಕ್ಷ. ಎರಡಕ್ಕೂ ನಾಮಿನಿ ಯಾರೆಂದು ಬ್ಯಾಂಕಿನಲ್ಲೇ ಕೇಳಿ. ಅಪಘಾತದ್ದಕ್ಕೆ ಎಫ್‌ಐಆರ್ ಮತ್ತು ಪೋಸ್ಟ್‌ಮಾರ್ಟಂ ವರದಿ ಬೇಕಾಗುತ್ತದೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಅವುಗಳ ನಕಲನ್ನು ಈ ವಾರವೇ ಸ್ಟೇಷನ್‌ನಿಂದ ತಂದಿಟ್ಟುಕೊಳ್ಳಿ.