ಅಗೇನ್ಸ್ಟ್ ದ ಸ್ಟಾರ್ಮ್: ಗ್ಲೇಡ್‌ಗಳನ್ನು ಯಾವಾಗ ತೆರೆಯಬೇಕು?

ಕಾಡಿನ ನಡುವೆ ಊರು ಕಟ್ಟೋ ಈ ವಿಡಿಯೋ ಗೇಮ್‌ನಲ್ಲಿ ಬೇಗ ಬೇಗ ಗ್ಲೇಡ್ (ಮರಗಳ ಹಿಂದೆ ಅಡಗಿರೋ ಬಯಲು) ತೆರೆದರೆ ಮೂರನೇ ವರ್ಷದ ಸ್ಟಾರ್ಮ್‌ನಲ್ಲಿ (ಬಿರುಗಾಳಿ ಕಾಲದಲ್ಲಿ) ಜನ ಊರು ಬಿಡ್ತಾರೆ, ತೆರೆಯದೆ ಕೂತರೆ ರಾಣಿಯ ಇಂಪೇಶೆನ್ಸ್ (ಅಸಹನೆ) ತುಂಬಿ ಸೋಲ್ತೀನಿ, ವರ್ಷಕ್ಕೆ ಎಷ್ಟು ತೆರೆಯೋದು ಸರಿ ಅಂತ ಕೇಳಿದ್ದೀರಿ. ನಾನು ವೆಟರನ್, ವೈಸ್‌ರಾಯ್ ಅನ್ನೋ ಕಷ್ಟದ ಡಿಫಿಕಲ್ಟಿಗಳಲ್ಲಿ ಪಾಲಿಸೋದು ಇಷ್ಟು: ಸಣ್ಣ ಗ್ಲೇಡ್‌ಗಳ ತಂಟೆಗೆ ಹೋಗಲ್ಲ. ವರ್ಷಕ್ಕೆ ಒಂದು, ಕೈಲಿ ಸಾಮಾನು ಚೆನ್ನಾಗಿದ್ದರೆ ಎರಡು ಡೇಂಜರಸ್ ಗ್ಲೇಡ್ (ಅಪಾಯದ, ದೊಡ್ಡ ಗ್ಲೇಡ್), ಅದೂ ವರ್ಷದ ಮೊದಲ ಕಾಲವಾದ ಡ್ರಿಝಲ್ ಶುರುವಾದ ಕೂಡಲೇ.

ಸಣ್ಣದನ್ನು ಯಾಕೆ ಬಿಡಬೇಕು ಅಂದರೆ, ಯಾವ ಗ್ಲೇಡ್ ತೆರೆದರೂ ಹೋಸ್ಟಿಲಿಟಿ (ಕಾಡಿನ ಸಿಟ್ಟು) ಏರುತ್ತೆ, ಪ್ರತಿ 100 ಪಾಯಿಂಟ್‌ಗೆ ಒಂದು ಲೆವೆಲ್. ಅಷ್ಟು ಬೆಲೆ ಕೊಟ್ಟ ಮೇಲೆ ಒಂದೆರಡು ಪೊದೆ ಹಣ್ಣು ಸಿಕ್ಕಿದರೆ ಏನು ಬಂತು? ಡೇಂಜರಸ್ ಗ್ಲೇಡ್‌ನಲ್ಲಿ ಜಾಗ ದೊಡ್ಡದು, ದೊಡ್ಡ ರಿಸೋರ್ಸ್ ಇರುತ್ತೆ, ಎಷ್ಟೋ ಸಲ ಕ್ಯಾಶ್ (ಬಚ್ಚಿಟ್ಟ ಸಾಮಾನು) ಅಥವಾ ಪಾಳುಬಿದ್ದ ಕಟ್ಟಡವೂ ಇರುತ್ತೆ.

ಡ್ರಿಝಲ್ ಯಾಕೆ ಅನ್ನೋದೇ ಇದರಲ್ಲಿ ಮುಖ್ಯ. ಸಾಮಾನ್ಯ ಡಿಫಿಕಲ್ಟಿಯಲ್ಲಿ ಡ್ರಿಝಲ್ 2 ನಿಮಿಷ, ಕ್ಲಿಯರೆನ್ಸ್ 4 ನಿಮಿಷ, ಆಮೇಲೆ 2 ನಿಮಿಷ ಸ್ಟಾರ್ಮ್. ಅಂದರೆ ವರ್ಷದ ಮೊದಲಲ್ಲಿ ತೆರೆದರೆ ಅಲ್ಲಿನ ಈವೆಂಟ್ (ಜನ, ಸಾಮಾನು ಕೊಟ್ಟು ಬಗೆಹರಿಸಬೇಕಾದ ತೊಂದರೆ) ಮುಗಿಸೋಕೆ ಸ್ಟಾರ್ಮ್‌ಗಿಂತ ಮುಂಚೆ ಪೂರ್ತಿ 6 ನಿಮಿಷ ಇರುತ್ತೆ. ಕ್ಲಿಯರೆನ್ಸ್‌ನ ಕೊನೆಯಲ್ಲಿ ತೆರೆದರೆ ಈವೆಂಟ್‌ನ ಕೆಟ್ಟ ಪರಿಣಾಮ, ಕಾಡಿನ ಕಾಟ, ಜನರ ರಿಸಾಲ್ವ್ (ಮನೋಬಲ) ಕುಸಿತ, ಮೂರೂ ಒಟ್ಟಿಗೆ ಮೈಮೇಲೆ ಬೀಳುತ್ವೆ. ನಿಮ್ಮ ಜನ ಊರು ಬಿಡ್ತಿರೋದು ಬಹುಶಃ ಇದರಿಂದಲೇ.

ಇದನ್ನು ಮಾಡೋ ರೀತಿ ಹೇಳ್ತೀನಿ. ಮರ ಕಡಿಯೋ ಕ್ಯಾಂಪ್‌ನಲ್ಲಿ ಗ್ಲೇಡ್ ಕಡೆ ಹೋಗಬೇಡಿ ಅನ್ನೋ ಆಯ್ಕೆ ಇದೆ, ಮೊದಲ ದಿನವೇ ಅದನ್ನು ಹಾಕಿಬಿಡಿ, ಇಲ್ಲದಿದ್ದರೆ ಅವರು ಕೇಳದೆ ಕೊಳ್ಳದೆ ಎಲ್ಲೋ ತೂರಿಬಿಡ್ತಾರೆ. ನಿಮಗೆ ಬೇಕಾದ ಗ್ಲೇಡ್ ಯಾವುದು ಅಂತ ಆರಿಸಿಕೊಳ್ಳಿ. ಹತ್ತಿರದ್ದಾದರೆ ಒಳ್ಳೇದು, ಸಾಮಾನು ಹೊತ್ತು ಓಡಾಡೋ ಹೊತ್ತು ಉಳಿಯುತ್ತೆ. ಅದರ ಕಡೆಗೆ ಮರಗಳನ್ನು ಗುರುತು ಮಾಡಿ ಕಡಿಸ್ತಾ ಬನ್ನಿ. ಅಂಚಿನಲ್ಲಿ ಒಂದೆರಡು ಮರ ಉಳಿದಾಗ ನಿಲ್ಲಿಸಿ. ಹೊಸ ವರ್ಷದ ಕಾರ್ನರ್‌ಸ್ಟೋನ್ (ವರ್ಷದ ಶುರುವಿನಲ್ಲಿ ಸಿಗೋ ಸವಲತ್ತು) ಆರಿಸಿದ ತಕ್ಷಣ ಆ ಉಳಿದ ಮರಗಳಿಗೆ ಗುರುತು ಹಾಕಿ.

ತೆರೆಯೋ ಮುಂಚೆ ಗೋದಾಮು ನೋಡಿಕೊಳ್ಳಿ: ಒಂದಿಷ್ಟು ಹಲಗೆ, ಬಟ್ಟೆ, ತಿನ್ನೋ ಸಾಮಾನು, ಕ್ಯಾಶ್ ತೆಗೆಯೋಕೆ ಟೂಲ್ಸ್, ಜೊತೆಗೆ ಖಾಲಿ ಇರೋ ಮೂರ್ನಾಲ್ಕು ಜನ. ಈವೆಂಟ್ ಏನು ಕೇಳುತ್ತೋ ಮೊದಲೇ ಗೊತ್ತಾಗಲ್ಲ. ಆದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ದಾರಿ ಕೊಡುತ್ತೆ, ಹಾಗಾಗಿ ನಾಲ್ಕು ತರಹದ ಸಾಮಾನು ಸ್ವಲ್ಪ ಸ್ವಲ್ಪ ಇದ್ದರೆ ಯಾವುದೋ ಒಂದು ಹೊಂದುತ್ತೆ.

ಇಂಪೇಶೆನ್ಸ್ ಬಗ್ಗೆ ಅಷ್ಟು ಹೆದರಬೇಡಿ. ಅದು ಏರಿದಷ್ಟೂ ಹೋಸ್ಟಿಲಿಟಿ ಇಳಿಯುತ್ತೆ, ರೆಪ್ಯುಟೇಶನ್ (ಆಟ ಗೆಲ್ಲಿಸೋ ಅಂಕ) ಬಂದಾಗಲೆಲ್ಲ ಇಂಪೇಶೆನ್ಸೂ ಕಮ್ಮಿ ಆಗುತ್ತೆ. ಅರ್ಧದವರೆಗೆ ಏರಿದರೂ ನಾನು ಗಾಬರಿಯಿಂದ ಗ್ಲೇಡ್ ತೆರೆಯಲ್ಲ. ಗ್ಲೇಡ್ ತೆರೆಯಿರಿ ಅನ್ನೋ ಆರ್ಡರ್ (ರಾಣಿ ಕೊಡೋ ಕೆಲಸ) ಬಂದರೆ, ಹೇಗೂ ತೆರೆಯೋ ಯೋಚನೆ ಇದ್ದಾಗ ಮಾತ್ರ ತಗೊಳ್ತೀನಿ.

ಎಲ್ಲಕ್ಕಿಂತ ಅಪಾಯದ ಫರ್ಬಿಡನ್ ಗ್ಲೇಡ್ ಮಾತ್ರ ಎರಡನೇ ವರ್ಷ ಕಳೆಯೋವರೆಗೂ ಮುಟ್ಟಬೇಡಿ. ಇನ್ನು ಸ್ಟಾರ್ಮ್ ಬಂದಾಗ ಮರ ಕಡಿಯೋರನ್ನೆಲ್ಲ ಕೆಲಸದಿಂದ ತೆಗೆದುಬಿಡಿ. ಹೋಸ್ಟಿಲಿಟಿ ಆಗಿಂದಾಗಲೇ ಇಳಿಯುತ್ತೆ, ಒಂದು ಲೆವೆಲ್ ಕೆಳಗೆ ಬಂದರೂ ಊರು ಬಿಡೋಕೆ ಹೊರಟವರು ಎಷ್ಟೋ ಸಲ ನಿಲ್ತಾರೆ. ಡ್ರಿಝಲ್ ಬಂದ ಮೇಲೆ ಮತ್ತೆ ಹಾಕಿಕೊಳ್ಳಿ.