ತೀರ್ಥಹಳ್ಳಿ ಕಡೆ ಇಳಿಜಾರಿನಲ್ಲಿ ಕಂಟೇನರ್ ಆಫೀಸ್ ಕೂರಿಸಲು ಎಂಥ ಪಾಯ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮನೆ ಹಿಂದಿನ ಇಳಿಜಾರಿನಲ್ಲಿ 20 ಅಡಿಯ ಹಳೇ ಕಂಟೇನರ್ ಇಟ್ಟು ಆಫೀಸ್ ರೂಮು ಮಾಡಬೇಕು. ಅಡಿಗೆ ಪೂರ್ತಿ ಕಾಂಕ್ರೀಟ್ ಬೆಡ್ ಹಾಕಲೇಬೇಕಾ, ಜಂಬಿಟ್ಟಿಗೆ ಕಲ್ಲು (ಕೆಂಪು ಮುರಕಲ್ಲು) ಜೋಡಿಸಿ ಅದರ ಮೇಲೆ ಕೂರಿಸಿದರೆ ಸಾಕಾ?

ಎರಡೂ ಬೇಡ. ನಾಲ್ಕು ಮೂಲೆಗೆ ನಾಲ್ಕು ಪಿಲ್ಲರ್ ಸಾಕು. ಆದರೆ ಅವು ಯಾವ ಮಣ್ಣಿನ ಮೇಲೆ ನಿಲ್ಲುತ್ತವೆ, ಮಳೆನೀರು ಯಾವ ಕಡೆಯಿಂದ ಇಳಿದು ಬರುತ್ತದೆ, ಇದನ್ನು ಮೊದಲು ನೋಡಿ. ನಾನು ನೋಡದೆ ಪೆಟ್ಟು ತಿಂದವನು.

ನಮ್ಮದು ಹೊಸನಗರ ತಾಲ್ಲೂಕು. ಜೆಸಿಬಿ ತರಿಸಿ ಧರೆ, ಅಂದರೆ ಇಳಿಜಾರಿನ ಮಣ್ಣಿನ ದಿಬ್ಬ, ಕಡಿಸಿದೆ. ಕಡಿದ ಮಣ್ಣನ್ನು ಕೆಳಗಡೆಗೆ ತಳ್ಳಿಸಿ ಮಟ್ಟ ಮಾಡಿಸಿದೆ. ಮೇಲ್ಗಡೆಯ ಎರಡು ಪಿಲ್ಲರ್ ಗಟ್ಟಿ ನೆಲದ ಮೇಲೆ ನಿಂತವು, ಕೆಳಗಡೆಯ ಎರಡು ಹೊಸದಾಗಿ ತುಂಬಿದ ಮಣ್ಣಿನ ಮೇಲೆ. ಜೆಸಿಬಿ ನಾಲ್ಕು ಸಲ ಓಡಾಡಿದೆಯಲ್ಲ, ಗಟ್ಟಿಯಾಗಿರುತ್ತದೆ ಅಂದುಕೊಂಡೆ. ಆರಿದ್ರೆ ಮಳೆಗೆ ಏನೂ ಆಗಲಿಲ್ಲ. ಪುಷ್ಯ ಮಳೆಯ ಹೊತ್ತಿಗೆ ಕಂಟೇನರ್ ಬಾಗಿಲು ಹಾಕಲು ಬರಲಿಲ್ಲ. ತುಕ್ಕು ಹಿಡಿದಿರಬೇಕು ಅಂತ ಸುಮ್ನೆ ಗ್ರೀಸ್ ಬಳಿದೆ. ಮುಂದಿನ ವಾರ ಮೇಜಿನ ಮೇಲಿಟ್ಟ ಪೆನ್ನು ತಾನಾಗೇ ಉರುಳಿ ಬಿತ್ತು. ಅಳೆದು ನೋಡಿದರೆ ಒಂದು ಮೂಲೆ ಒಂದೂವರೆ ಇಂಚು ಕೂತಿತ್ತು.

ಪಾಯ ಕೂತರೆ ಮೊದಲು ಗೊತ್ತಾಗುವುದು ಬಾಗಿಲಲ್ಲೇ. ಕಂಟೇನರ್ ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಮೂಲೆ ಇಳಿದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ.

ಭಾರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 20 ಅಡಿಯ ಖಾಲಿ ಕಂಟೇನರ್ ಸುಮಾರು 2.3 ಟನ್ ತೂಗುತ್ತದೆ. ಒಳಗಿನ ಪ್ಲೈವುಡ್, ಮೇಜು, ಕಪಾಟು, ಜನ ಎಲ್ಲ ಸೇರಿಸಿ 5 ಟನ್ ಅಂತ ಹಿಡಿಯಿರಿ. ಒಂದು ಮೂಲೆಗೆ ಬರುವುದು ಒಂದೂಕಾಲು ಟನ್. ಅಡಿಗೆ 2 ಅಡಿ ಅಗಲ, 2 ಅಡಿ ಉದ್ದದ ಫೂಟಿಂಗ್ (ಪಿಲ್ಲರಿನ ಕಾಂಕ್ರೀಟ್ ತಳ) ಕೊಟ್ಟರೆ ಗಟ್ಟಿ ಜಂಬಿಟ್ಟಿಗೆ ನೆಲಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹಡಗಿನಲ್ಲಿ ಇದೇ ಪೆಟ್ಟಿಗೆ ಸರಕಿನ ಸಮೇತ 30 ಟನ್ ತೂಗಿದರೂ ನಾಲ್ಕು ಮೂಲೆಯ ಎರಕದ ಗಟ್ಟಿಗಳ ಮೇಲೇ ನಿಲ್ಲುತ್ತದೆ. ಆ ಗಟ್ಟಿಗಳು ಅಡಿಯ ತೊಲೆಗಳಿಗಿಂತ ಸ್ವಲ್ಪ ಕೆಳಗೆ ಚಾಚಿಕೊಂಡಿರುತ್ತವೆ, ಭಾರ ಅಲ್ಲೇ ಇಳಿಯಲಿ ಅಂತ. ಅದಕ್ಕೇ ಬೆಡ್ ಬೇಡ ಅಂದಿದ್ದು. ಇಳಿಜಾರಿನಲ್ಲಿ ಬೆಡ್ ಹಾಕಲು ಹೋದರೆ ಮಣ್ಣು ತುಂಬಲೇಬೇಕು, ಅಲ್ಲಿಗೆ ನನ್ನ ಕತೆಯೇ ನಿಮ್ಮದೂ ಆಗುತ್ತದೆ. ಬಿಡಿ ಕಲ್ಲು ಯಾಕೆ ಬೇಡ ಅಂದರೆ, ಆ ಗಟ್ಟಿಯ ತಳ ಸುಮಾರು ಏಳು ಇಂಚು ಅಷ್ಟೇ. ಅಷ್ಟು ಚಿಕ್ಕ ಜಾಗದ ಭಾರಕ್ಕೆ ಜೋಡಿಸಿಟ್ಟ ಕಲ್ಲು ಜಾರುತ್ತದೆ, ಇಲ್ಲವೇ ಒಡೆಯುತ್ತದೆ. ಒಂದು ಮಾತು: ಉದ್ದದ ಗೋಡೆ ಕೊಯ್ದು ದೊಡ್ಡ ಗಾಜು ಕೂರಿಸುವ ಆಸೆ ಇದ್ದರೆ ಗೋಡೆಯ ಶಕ್ತಿ ಹೋಗುತ್ತದೆ. ಆಗ ಮಧ್ಯಕ್ಕೂ ಎರಡು ಪಿಲ್ಲರ್ ಕೊಡಿ.

ಇನ್ನು ಮಣ್ಣು. ಮಳೆ ಕಳೆದ ಮೇಲೆ ನಾನು ಕೆಳಗಿನ ಮೂಲೆ ಅಗೆಸಿದೆ. ಮೂರೂವರೆ ಅಡಿ ತುಂಬಿದ ಮಣ್ಣು. ಅದರ ಕೆಳಗೆ ಕೊಳೆತ ದರಗು, ಬೇರು, ಕಪ್ಪು ಮಣ್ಣು! ಹಳೇ ಮೇಲ್ಮಣ್ಣು ತೆಗೆಯದೆ ಅದರ ಮೇಲೇ ತುಂಬಿಸಿದ್ದೆ. ಗಟ್ಟಿ ನೆಲ ಸಿಕ್ಕಿದ್ದು ಐದಡಿಗೆ. ಮರದ ದಿಮ್ಮಿ ಕೊಟ್ಟು, ಜಾಕಿ ಹಾಕಿ ಪೆಟ್ಟಿಗೆ ಎತ್ತಿ ಹಿಡಿದು, ಅಲ್ಲಿಂದ ಹೊಸ ಪಿಲ್ಲರ್ ಎಬ್ಬಿಸಬೇಕಾಯಿತು. ಆದ್ದರಿಂದ ನಾಲ್ಕು ಪಿಲ್ಲರೂ ಒಂದೇ ಉದ್ದ ಇರಬೇಕು ಅಂತ ಹಠ ಮಾಡಬೇಡಿ. ಮೇಲ್ಗಡೆಯದು ಎರಡಡಿ, ಕೆಳಗಡೆಯದು ಆರಡಿ ಆದರೂ ಆಗಲಿ, ಎಲ್ಲವೂ ಮಣ್ಣು ತುಂಬದ, ಮೂಲದ ಗಟ್ಟಿ ನೆಲಕ್ಕೆ ಮುಟ್ಟಬೇಕು. ಉದ್ದದ ಪಿಲ್ಲರುಗಳಿಗೆ ಕಬ್ಬಿಣ ಸರಿಯಾಗಿ ಕಟ್ಟಿಸಿ, ಒಂದಕ್ಕೊಂದು ಬೀಮ್ ಕೊಡಿ.

ಹಾಗಂತ ಸಿಕ್ಕಾಪಟ್ಟೆ ಆಳಕ್ಕೂ ಹೋಗಬೇಡಿ. ನಮ್ಮ ಕಡೆ ಎಷ್ಟೋ ಜಾಗದಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಇನ್ನೂ ಗಟ್ಟಿ ಇರಲಿ ಅಂತ ಜಂಬಿಟ್ಟಿಗೆ ಪದರವನ್ನೇ ಒಡೆದು ಇಳಿದರೆ ಶೇಡಿಗೆ ಬೀಳುತ್ತೀರಿ. ಹಾರೆ ಹಾಕಿದಾಗ ಠಣ್ ಅಂದರೆ ನಿಲ್ಲಿಸಿ. ಪಕ್ಕದ ಬಾವಿಯ ಗೋಡೆ ಇಣುಕಿ ನೋಡಿದರೆ ಯಾವ ಪದರ ಎಷ್ಟು ದಪ್ಪ ಅಂತ ತಿಳಿಯುತ್ತದೆ.

ನೀರಿನ ವಿಷಯದಲ್ಲಿ ಪೇಟೆಯವರ ಸಲಹೆ ಕೇಳಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಶಿವಮೊಗ್ಗ ಪೇಟೆಗೆ ಅದರ ಕಾಲು ಭಾಗವೂ ಬೀಳುವುದಿಲ್ಲ. ಸಾಧ್ಯವಾದರೆ ಒಂದು ಮಳೆಗಾಲ ಕಾಯಿರಿ. ಪಿಲ್ಲರ್ ಬರುವ ಜಾಗದಲ್ಲಿ ಮೂರಡಿ ಗುಂಡಿ ತೋಡಿ, ಮಳೆನೀರು ಒಳಗೆ ಬೀಳದ ಹಾಗೆ ಮೇಲೆ ತಗಡು ಮುಚ್ಚಿಡಿ. ಆಗಸ್ಟಿನಲ್ಲಿ ಒಳಗೆ ಒರತೆ ಕಂಡರೆ ಆ ಜಾಗ ಬಿಡಿ. ಕಾಯಲು ಆಗದಿದ್ದರೆ ಧರೆಯ ಬುಡದಲ್ಲಿ ಎರಡಡಿ ಆಳದ ಬಸಿಗಾಲುವೆ ತೆಗೆದು ಎರಡೂ ಪಕ್ಕಕ್ಕೆ ನೀರು ತಿರುಗಿಸಿ. ತೋಟ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾ? ಆದರೂ ಮನೆ ಕಟ್ಟುವಾಗ ಮರೆಯುತ್ತೇವೆ. ಪೆಟ್ಟಿಗೆಯ ತಾರಸಿ ನೀರೂ ಪಿಲ್ಲರ್ ಬುಡಕ್ಕೆ ಬೀಳದ ಹಾಗೆ ದಂಬೆ ಹಾಕಿಸಿ.

ಅಡಿಯಲ್ಲಿ ಎರಡಡಿ ಖಾಲಿ ಇರಲಿ. ಗಾಳಿ ಆಡದಿದ್ದರೆ ಅಡಿಯ ಕಬ್ಬಿಣದ ತೊಲೆಗಳು ತುಕ್ಕು ತಿನ್ನುತ್ತವೆ, ಮೇಲಿನ ಪ್ಲೈವುಡ್ ನೆಲಕ್ಕೆ ಗೆದ್ದಲು ಹತ್ತಿದರೂ ಗೊತ್ತಾಗುವುದಿಲ್ಲ. ಟಾರ್ಚ್ ಹಿಡಿದು ನುಸುಳಿ ನೋಡುವಷ್ಟು ಜಾಗ ಬೇಕು. ನಮ್ಮಲ್ಲಿ ಈಗ ನಾಯಿಯೂ ಅಲ್ಲೇ ಮಲಗುತ್ತದೆ.

ಅಳತೆ ತಪ್ಪಬೇಡಿ. ಹೊರಗಿನಿಂದ 6.06 ಮೀಟರ್ ಉದ್ದ, 2.44 ಅಗಲ. ಮೂಲೆಯಿಂದ ಮೂಲೆಗೆ ಓರೆ ಅಳತೆ ಎರಡೂ ಕಡೆ 6.53 ಬರಬೇಕು. ಮಟ್ಟಕ್ಕೆ ಮೇಸ್ತ್ರಿಯ ನೀರಿನ ಪೈಪೇ ಸಾಕು. ಪಿಲ್ಲರ್ ತಲೆಗೆ ಒಂದಡಿ ಚೌಕದ ಕಬ್ಬಿಣದ ಪ್ಲೇಟ್ ಹೂತು ಕಾಂಕ್ರೀಟ್ ಹಾಕಿಸಿ, ಅರ್ಧ ಇಂಚು ಆಚೀಚೆ ಆದರೆ ಅದೇ ಕಾಯುತ್ತದೆ. ಕೂರಿಸಿದ ಮೇಲೆ ಪ್ಲೇಟಿಗೆ ವೆಲ್ಡ್ ಮಾಡಿಸಿ, ಅರ್ತಿಂಗ್ ಕೊಡಿಸಿ. ಏಪ್ರಿಲ್ ಮೇ ಸಿಡಿಲು ಗೊತ್ತಲ್ಲ.

ಕಾಂಕ್ರೀಟ್ ಜನವರಿಯಲ್ಲೇ ಮುಗಿಸಿ, ಹತ್ತು ದಿನ ನೀರು ಹಾಕಿ, ಕನಿಷ್ಠ 28 ದಿನ ಬಿಟ್ಟು ಪೆಟ್ಟಿಗೆ ಇಳಿಸಿ. ಮೇ ಕೊನೆಯಲ್ಲಿ ಮಣ್ಣು ರಸ್ತೆಗೆ ಕ್ರೇನ್ ತರಲು ಹೋದರೆ ಕ್ರೇನ್ ಎಳೆಯಲು ಇನ್ನೊಂದು ಕ್ರೇನ್ ಬೇಕಾಗುತ್ತದೆ.

ನಿಮ್ಮ ಧರೆ ಎಷ್ಟು ಎತ್ತರ ಅಂತ ಬರೆದಿಲ್ಲ. ತಲೆಗಿಂತ ಎತ್ತರ ಇದ್ದರೆ ಪಾಯಕ್ಕೆ ಮೊದಲು ಅದನ್ನೇ ಒಬ್ಬ ಎಂಜಿನಿಯರಿಗೆ ತೋರಿಸಿ. ಫೋಟೊ ಇದ್ದರೆ ಇಲ್ಲೂ ಹಾಕಿ, ನೋಡೋಣ.