ಹಳೆಯ ಚೈನ್‌ಸಾ ರಿಪೇರಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಳೆಯ ಚೈನ್‌ಸಾಗಳನ್ನು ಬಿಚ್ಚಿ, ತೊಳೆದು, ಮತ್ತೆ ಓಡುವಂತೆ ಮಾಡುವ ಹವ್ಯಾಸದವರ ಪತ್ರಗಳಲ್ಲಿ ಹೆಚ್ಚಿನವು ಯಾವ ಭಾಗ ಕೊಳ್ಳಬೇಕು ಎಂದೇ ಕೇಳುತ್ತವೆ. ಯಂತ್ರ ಯಾಕೆ ನಿಂತಿತು ಎಂಬುದು ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ ಎನ್ನುವುದು ನಮ್ಮ ಸಲಹೆ. ಕಾರಣ ತಿಳಿಯದೆ ಹಾಕಿದ ಹೊಸ ಪಿಸ್ಟನ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಪ್ರಶ್ನೆ: 1960ರ ದಶಕದ ಒಂದು ಚೈನ್‌ಸಾ ಸಿಕ್ಕಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಮೂಲೆಯಲ್ಲಿ ಬಿದ್ದಿತ್ತು. ಪೆಟ್ರೋಲ್ ಹಾಕಿ ಹಗ್ಗ ಎಳೆದು ನೋಡಬಹುದೇ?

ಉತ್ತರ: ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಒಂದು ಚಮಚ ಟೂ-ಸ್ಟ್ರೋಕ್ ಆಯಿಲ್ ಬಿಡಿ. ಆಮೇಲೆ ಸೈಲೆನ್ಸರ್ ಬಿಚ್ಚಿ. ಹೊಗೆ ಹೋಗುವ ಕಿಂಡಿಗೆ ಟಾರ್ಚ್ ಹಿಡಿದು, ಫ್ಲೈವೀಲನ್ನು (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತಾ ಪಿಸ್ಟನ್ನಿನ ಮೈ ನೋಡಿ. ಯಂತ್ರದ ಹಿಂದಿನ ಕತೆಯೆಲ್ಲ ಅಲ್ಲೇ ಕಾಣುತ್ತದೆ. ಕಾರ್ಬುರೇಟರ್ ಬಿಚ್ಚಿ ಇನ್ನೊಂದು ಬದಿಯನ್ನೂ ನೋಡಿಬಿಡಿ.

ಸೈಲೆನ್ಸರ್ ಬದಿಯಲ್ಲಿ ಮಾತ್ರ ಉದ್ದುದ್ದ ಗೀರುಗಳಿದ್ದರೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿ ಎಂಜಿನ್ ಕಾದು ಉಜ್ಜಿದೆ ಎಂದರ್ಥ. ಕಾರ್ಬುರೇಟರ್ ಬದಿಯಲ್ಲಿ ಮೈ ಮಂಕಾಗಿ ಸವೆದಿದ್ದರೆ ಹರಿದ ಏರ್ ಫಿಲ್ಟರ್ ಮೂಲಕ ಧೂಳು ಒಳಗೆ ಹೋಗಿದೆ. ಸುತ್ತಲೂ ಉಜ್ಜಿದ್ದರೆ ಯಾರೋ ಆಯಿಲ್ ಬೆರೆಸದ ಬರಿ ಪೆಟ್ರೋಲಿನಲ್ಲಿ ಓಡಿಸಿರುವ ಸಾಧ್ಯತೆ ಹೆಚ್ಚು. ಉದ್ದಗೀರುಗಳ ಬದಲು ತಯಾರಾದಾಗಿನ ಅಡ್ಡ ಯಂತ್ರಗೆರೆಗಳು ಇನ್ನೂ ಸ್ಪಷ್ಟವಾಗಿ ಕಂಡರೆ ನಿಮ್ಮ ಅದೃಷ್ಟ: ತೊಂದರೆ ಕಿಡಿಯಲ್ಲೋ ಕಾರ್ಬುರೇಟರಿನಲ್ಲೋ ಇದೆ, ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ.

ಪಿಸ್ಟನ್ ಅಲುಗಾಡದೆ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ತುಂಬಿ ಎರಡು ಮೂರು ದಿನ ಬಿಡಿ. ಆಮೇಲೆ ಫ್ಲೈವೀಲ್ ನಟ್ಟಿಗೆ ಸ್ಪ್ಯಾನರ್ ಹಾಕಿ ಅತ್ತ ಇತ್ತ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಪ್ಲಗ್ ತೂತಿನಿಂದ ರಾಡ್ ತೂರಿಸಿ ಸುತ್ತಿಗೆಯಲ್ಲಿ ಹೊಡೆದರೆ ಪಿಸ್ಟನ್ ತಲೆ ತೂತಾಗುತ್ತದೆ. ಫ್ಲೈವೀಲಿನ ರೆಕ್ಕೆಗಳಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ, ಅವು ಪಟ್ಟನೆ ಮುರಿಯುತ್ತವೆ.

ಪ್ರಶ್ನೆ: ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ 95 ಪಿಎಸ್‌ಐ ತೋರಿಸುತ್ತಿದೆ. ಸೈಲೆನ್ಸರ್ ಬದಿಯಲ್ಲಿ ಪಿಸ್ಟನ್ ಗೀರಿದೆ, ಸಿಲಿಂಡರ್ ಒಳಗೂ ಬೆಳ್ಳಿ ಬಣ್ಣದ ಪಟ್ಟಿ ಮೆತ್ತಿಕೊಂಡಿದೆ. ಈ ಮಾಡೆಲ್‌ಗೆ ಹೊಸ ಸಿಲಿಂಡರ್ ಸಿಗುವುದಿಲ್ಲ. ಯಂತ್ರದ ಕತೆ ಮುಗಿಯಿತೇ?

ಉತ್ತರ: ಮುಗಿದಿಲ್ಲದಿರಬಹುದು. ಮೊದಲು ಗೇಜನ್ನೇ ಅನುಮಾನಿಸಿ. ಕಾರಿಗೆಂದು ಮಾಡಿದ ಗೇಜಿನಲ್ಲಿ ಗಾಳಿ ತಡೆಯುವ ವಾಲ್ವ್ ಮುಳ್ಳಿರುವ ಡಯಲಿನ ಹತ್ತಿರವಿದ್ದರೆ, ನಡುವಿನ ಉದ್ದ ಪೈಪಿನ ಜಾಗವೂ ಸಿಲಿಂಡರಿಗೆ ಸೇರಿದಂತಾಗಿ ಇಷ್ಟು ಚಿಕ್ಕ ಎಂಜಿನ್ನಿನಲ್ಲಿ ಓದು ತೀರ ಕಡಿಮೆ ಬರುತ್ತದೆ. ವಾಲ್ವ್ ಪ್ಲಗ್ ತೂತಿನ ತುದಿಯಲ್ಲೇ ಇರಬೇಕು. ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಇನ್ನು ಮೇಲೇರದು ಎನ್ನುವವರೆಗೆ ಐದಾರು ಸಲ ಹಗ್ಗ ಎಳೆಯಿರಿ. 150ರ ಆಚೀಚೆ ಇದ್ದರೆ ಒಳ್ಳೆಯದು, 120ರಲ್ಲೂ ಓಡುತ್ತದೆ, 100ಕ್ಕಿಂತ ಕೆಳಗೆ ಇಳಿದರೆ ಬಿಸಿಯಾದಾಗ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಬೆಳ್ಳಿ ಬಣ್ಣದ ಪಟ್ಟಿ ಹೆಚ್ಚಾಗಿ ಸಿಲಿಂಡರಿನ ಗಾಯವಲ್ಲ, ಪಿಸ್ಟನ್ನಿನಿಂದ ಕರಗಿ ಮೆತ್ತಿಕೊಂಡ ಅಲ್ಯೂಮಿನಿಯಂ. ಸಿಲಿಂಡರ್ ಬಿಚ್ಚಿ ಹೊರಗೆ ತೆಗೆದು, ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಒಳಗೋಡೆಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಹಿಡಿದುಕೊಂಡರೆ ಅದು ಎರಕದ ಕಬ್ಬಿಣದ ಬೋರು, ಅದಕ್ಕೆ ಆ್ಯಸಿಡ್ ಮುಟ್ಟಿಸಬೇಡಿ, ಹೋನಿಂಗ್ ಮಾಡಿಸಿ, ಅಂದರೆ ಉಜ್ಜುಕಲ್ಲಿನಿಂದ ನಯವಾಗಿ ಉಜ್ಜಿಸಿ. ಹಿಡಿಯದಿದ್ದರೆ ಅಲ್ಯೂಮಿನಿಯಂ ಮೇಲೆ ಕ್ರೋಮ್ ಅಥವಾ ನಿಕಲ್ ಲೇಪನವಿದೆ. ಕ್ರೋಮ್ ಲೇಪನವನ್ನು ಹೈಡ್ರೋಕ್ಲೋರಿಕ್ ಆ್ಯಸಿಡ್ ಕರಗಿಸುತ್ತದೆ, ಅದಕ್ಕೆ ಮುಟ್ಟಿಸಬೇಡಿ. ನಿಕಲ್ ಲೇಪನವೆಂದು ಖಾತ್ರಿಯಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ, ಮೆತ್ತಿಕೊಂಡ ಪಟ್ಟಿಗೆ ಮಾತ್ರ ಸವರಿ. ನೊರೆ ಏಳುತ್ತದೆ. ಅರ್ಧ ನಿಮಿಷಕ್ಕೆ ಒರೆಸಿ, ಮತ್ತೆ ಸವರಿ. ಕಿಂಡಿಗಳ ಅಂಚಿನಲ್ಲಿ ಲೇಪನವಿಲ್ಲದ ಅಲ್ಯೂಮಿನಿಯಂ ಬತ್ತಲೆ ಇರುತ್ತದೆ, ಅಲ್ಲಿಗೆ ಹನಿ ತಾಗಿದರೆ ತಿಂದುಹಾಕುತ್ತದೆ. ಪಟ್ಟಿ ಕಣ್ಮರೆಯಾದ ಮೇಲೂ ಅದೇ ಜಾಗದಲ್ಲಿ ನೊರೆ ಬರುತ್ತಲೇ ಇದ್ದರೆ ಲೇಪನ ಕಿತ್ತುಹೋಗಿದೆ, ಆ ಸಿಲಿಂಡರಿನ ಆಸೆ ಬಿಡಿ. ನೊರೆ ನಿಂತರೆ ಧಾರಾಳ ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕದಡಿದ ನೀರು ಹಾಕಿ, ಒಣಗಿಸಿ, ಕೂಡಲೇ ಎಣ್ಣೆ ಸವರಿ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲೇ ಮಾಡಿ. ಆ ಹೊಗೆ ಹತ್ತಿರವಿಟ್ಟ ಉಕ್ಕಿನ ಸಲಕರಣೆಗಳಿಗೂ ತುಕ್ಕು ಹಿಡಿಸುತ್ತದೆ.

ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬರಿ ಬೋರಿಗೆ ಇಳಿಸಿ, ಪಿಸ್ಟನ್ ತಲೆಯಿಂದ ಒತ್ತಿ ನೇರ ಮಾಡಿ, ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. 0.2ರಿಂದ 0.4 ಮಿ.ಮೀ. ಸರಿ. 1 ಮಿ.ಮೀ. ಮುಟ್ಟಿದ ರಿಂಗ್ ಎಸೆಯಬೇಕು. ಜೋಡಿಸುವಾಗ ರಿಂಗಿನ ತುದಿಗಳು ಪಿಸ್ಟನ್ನಿನ ಚಿಕ್ಕ ಪಿನ್ನಿನ ಎರಡೂ ಬದಿಗೆ ಕೂರಬೇಕು, ತಪ್ಪಿದರೆ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಮೇಲೆ ಬಾಣದ ಗುರುತಿದ್ದರೆ ಅದು ಸೈಲೆನ್ಸರ್ ಕಡೆಗೆ ಮುಖ ಮಾಡಿರಬೇಕು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ದೊಡ್ಡ ಪಿನ್ ಹಿಡಿಯುವ ಸರ್‌ಕ್ಲಿಪ್‌ಗಳನ್ನು ಹೊಸದಾಗಿಯೇ ಹಾಕಿ. ಹಳೆಯ ಕ್ಲಿಪ್ ಹಾರಿದರೆ ಇಷ್ಟೂ ಕೆಲಸ ನೀರಿನಲ್ಲಿ ಹೋಮ.

ಇಷ್ಟಾದರೂ ಮೂಲ ರೋಗ ಹಾಗೇ ಇದೆ. ಪಿಸ್ಟನ್ ಗೀರಲು ಕಾರಣವಾದ ಆ ಹೆಚ್ಚಿನ ಗಾಳಿ ಎಲ್ಲಿಂದ ನುಗ್ಗಿತು? ಹೆಚ್ಚಿನ ಸಲ ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಸೀಲುಗಳಿಂದ. ಸೈಲೆನ್ಸರ್ ಮತ್ತು ಕಾರ್ಬುರೇಟರ್ ಕೂರುವ ಜಾಗಗಳಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬೋಲ್ಟ್ ಬಿಗಿದು ಮುಚ್ಚಿ. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿದರೆ ಸಿಲಿಂಡರಿಗೂ ಕ್ರ್ಯಾಂಕ್‌ಕೇಸಿಗೂ ದಾರಿ ತೆರೆದಿರುತ್ತದೆ. ಆಗ ಪ್ಲಗ್ ತೂತಿನಿಂದ ಕೈಪಂಪಿನಲ್ಲಿ 0.5 ಬಾರ್, ಅಂದರೆ ಸುಮಾರು 7 ಪಿಎಸ್‌ಐ ಒತ್ತಡ ಕೊಡಿ. ಅರ್ಧ ನಿಮಿಷ ಮುಳ್ಳು ಅಲುಗದೆ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಅಷ್ಟಕ್ಕೇ ನಿಲ್ಲಿಸದೆ ಅಷ್ಟೇ ಪ್ರಮಾಣದ ನಿರ್ವಾತವನ್ನೂ ಕೊಟ್ಟು ಪರೀಕ್ಷಿಸಿ. ಒತ್ತಡಕ್ಕೆ ಬಿಗಿಯಾಗಿ ಕೂತ ಸೀಲ್ ಎಷ್ಟೋ ಸಲ ಎಳೆತಕ್ಕೆ ಬಾಯಿ ಬಿಡುತ್ತದೆ, ಎಂಜಿನ್ ಓಡುವಾಗ ಎರಡೂ ಸರದಿಯಲ್ಲಿ ನಡೆಯುತ್ತಿರುತ್ತವೆ.

ಸೀಲ್ ಬದಲಿಸಲು ಕ್ಲಚ್ ತೆಗೆಯಬೇಕು. ಕ್ರ್ಯಾಂಕಿಗೇ ತಿರುಚಿ ಕೂರಿಸಿದ ಕ್ಲಚ್‌ಗಳಲ್ಲಿ ಹೆಚ್ಚಿನವು ಎಡಮರೆಯ ಥ್ರೆಡ್ಡಿನವು, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ. ಎಷ್ಟೋ ಕ್ಲಚ್‌ಗಳ ಮೇಲೆ ಬಾಣದ ಗುರುತು ಇರುತ್ತದೆ. ಕ್ರ್ಯಾಂಕ್ ತಿರುಗದಂತೆ ಪ್ಲಗ್ ತೂತಿನಿಂದ ಸ್ಟಾರ್ಟರ್ ಹಗ್ಗದ ತುಂಡೊಂದನ್ನು ತುಂಬಿ. ಆದರೆ ಪಿಸ್ಟನ್ ಕಿಂಡಿಗಳನ್ನು ದಾಟಿ ಮೇಲೇರಿದ ನಂತರವೇ ತುಂಬಬೇಕು, ಇಲ್ಲದಿದ್ದರೆ ಹಗ್ಗ ಕಿಂಡಿಯಲ್ಲಿ ಸಿಕ್ಕಿ ಕತ್ತರಿಸಿಹೋಗುತ್ತದೆ. ಸೀಲುಗಳು ಕಂಪನಿಯ ಹೆಸರಿನಲ್ಲಿ ಸಿಗದಿದ್ದರೂ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆ ಹೇಳಿದರೆ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತವೆ.

ಪ್ರಶ್ನೆ: ಕಿಡಿಯೇ ಬರುತ್ತಿಲ್ಲ. ಕಾಯಿಲ್ ಹೋಗಿರಬಹುದೇ?

ಉತ್ತರ: ಕಾಯಿಲ್ ಕೊನೆಯ ಅನುಮಾನ. ಮೊದಲು ಸ್ವಿಚ್ಚಿನ ವೈರ್ ಕಳಚಿ ನೋಡಿ, ಅದು ಬಾಡಿಗೆ ತಾಗುತ್ತಿದ್ದರೆ ಕಿಡಿ ಸತ್ತಂತೆ. ನಂತರ ಫ್ಲೈವೀಲ್ ತೆಗೆದು ಪಾಯಿಂಟ್ (ಕಿಡಿಗಾಗಿ ವಿದ್ಯುತ್ತನ್ನು ಸರಿಯಾದ ಕ್ಷಣಕ್ಕೆ ಕಡಿಯುವ ಸಂಪರ್ಕ) ನೋಡಿ. ವರ್ಷಗಟ್ಟಲೆ ನಿಂತ ಪಾಯಿಂಟಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆ ಕಟ್ಟಿರುತ್ತದೆ, ಕಿಡಿ ಬಾರದಿರಲು ಅದೊಂದೇ ಸಾಕು. ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ, ಆಮೇಲೆ ಶುದ್ಧ ಬಿಳಿ ಕಾಗದದ ಪಟ್ಟಿಯನ್ನು ನಡುವೆ ಎಳೆಯಿರಿ, ಕಾಗದ ಕಪ್ಪಾಗದೆ ಬರುವವರೆಗೆ. ಪಾಯಿಂಟ್ ಪೂರ್ತಿ ತೆರೆದಾಗ ಸಂದು ಬಹುತೇಕ ಹಳೆಯ ಯಂತ್ರಗಳಲ್ಲಿ 0.4 ಮಿ.ಮೀ. ಆಸುಪಾಸು. ಕಾಯಿಲಿಗೂ ಫ್ಲೈವೀಲಿನ ಅಯಸ್ಕಾಂತಕ್ಕೂ ನಡುವೆ 0.25 ಮಿ.ಮೀ., ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ಪಾಯಿಂಟುಗಳ ನಡುವೆ ಜೋರಾಗಿ ಕಿಡಿ ಹಾರುತ್ತಾ ಪ್ಲಗ್‌ನಲ್ಲಿ ಮಂಕಾಗಿದ್ದರೆ ಕಂಡೆನ್ಸರ್ ಬದಲಿಸಿ.

ಕಿಡಿ ಚೆನ್ನಾಗಿದ್ದು, ಹಗ್ಗ ಎಳೆದಾಗ ಕೈಗೆ ಹಿಂದೊದೆತ ಬಂದರೆ ಫ್ಲೈವೀಲಿನ ಚಿಕ್ಕ ಕೀಲಿ ಮುರಿದು ಟೈಮಿಂಗ್ ಜರುಗಿದೆಯೇ ನೋಡಿ.

ಪ್ರಶ್ನೆ: ಚೋಕ್‌ನಲ್ಲಿ ಓಡುತ್ತದೆ, ಚೋಕ್ ಬಿಟ್ಟು ಥ್ರಾಟಲ್ ಕೊಟ್ಟರೆ ಸಾಯುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಸರಿಹೋಗುತ್ತಿಲ್ಲ.

ಉತ್ತರ: ಇಂಧನ ಸಾಲುತ್ತಿಲ್ಲ. ಟ್ಯಾಂಕಿನೊಳಗಿನ ಪೈಪ್ ಮತ್ತು ಫಿಲ್ಟರ್ ಮೊದಲು ಬದಲಿಸಿ, ಆಮೇಲೆ ಕಾರ್ಬುರೇಟರಿನ ತೆಳು ಪೊರೆಯಾದ ಡಯಾಫ್ರಮ್ ನೋಡಿ. ಬೆರಳಲ್ಲಿ ಒತ್ತಿದಾಗ ಅದು ಬಟ್ಟೆಯಂತೆ ಸದ್ದಿಲ್ಲದೆ ಬಗ್ಗಬೇಕು, ಟಿಕ್ ಎಂದರೆ ಗಡಸಾಗಿದೆ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಹಾಗಾಗಿ ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿಡಿ. ಬಿಚ್ಚುವಾಗ ಪದರಗಳ ಫೋಟೋ ತೆಗೆದುಕೊಳ್ಳಿ, ಗ್ಯಾಸ್ಕೆಟ್ ಮತ್ತು ಡಯಾಫ್ರಮ್ ಅದಲುಬದಲಾದರೆ ಇಂಧನ ಬಿಡುವ ಸೂಜಿ ತೆರೆಯುವುದೇ ಇಲ್ಲ.

ಶುರುವಿಗೆ ಕಾರ್ಬುರೇಟರಿನ ಎಲ್ (ಕಡಿಮೆ ವೇಗದ) ಮತ್ತು ಎಚ್ (ಹೆಚ್ಚು ವೇಗದ) ಇಂಧನ ಸ್ಕ್ರೂಗಳನ್ನು ಹಗುರಾಗಿ ಮುಚ್ಚಿ, ಒಂದೊಂದು ಸುತ್ತು ತೆರೆಯಿರಿ. ಎಚ್ ಸ್ಕ್ರೂ ಹೊಂದಿಸುವಾಗ ಕಿವಿಯೇ ಅಳತೆಗೋಲು: ಬರಿದೇ ಪೂರ್ತಿ ಥ್ರಾಟಲ್‌ನಲ್ಲಿ ಸದ್ದು ಸ್ವಲ್ಪ ಒಡಕಾಗಿ, ಗುಡುಗುಟ್ಟುವಂತಿರಬೇಕು, ಮರಕ್ಕೆ ಇಟ್ಟ ಕೂಡಲೇ ನಯವಾಗಬೇಕು. ಬರಿದೇ ಓಡುವಾಗಲೂ ಕೀರಲು ದನಿ ಬಂದರೆ ಆ ಪಿಸ್ಟನ್ ಹೆಚ್ಚು ದಿನ ಬಾಳುವುದಿಲ್ಲ.

ಪ್ರಶ್ನೆ: ಹಳೆಯ ಕೈಪಿಡಿಯಲ್ಲಿ 16:1 ಆಯಿಲ್, ಅಂದರೆ ಹದಿನಾರು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಎಂದಿದೆ. ಹಾಗೇ ಹಾಕಲೇ?

ಉತ್ತರ: ಅದು ಸಾಮಾನ್ಯ ಎಂಜಿನ್ ಆಯಿಲ್ ಬೆರೆಸುತ್ತಿದ್ದ ಕಾಲದ ಲೆಕ್ಕ. ಈಗಿನ, ಜಪಾನಿನ ಗುಣಮಟ್ಟ ಸೂಚಿಯಾದ ಜಾಸೊ ಎಫ್‌ಡಿ ದರ್ಜೆಯ ಟೂ-ಸ್ಟ್ರೋಕ್ ಆಯಿಲ್ ಆದರೆ 32:1, ಅಂದರೆ ಲೀಟರಿಗೆ 31 ಮಿ.ಲೀ. ಸಾಕು. ದೋಣಿ ಎಂಜಿನ್ನಿನ ಆಯಿಲ್ ಬೇಡ, ಅದು ನೀರಿನಿಂದ ತಣಿಯುವ ಎಂಜಿನ್ನುಗಳಿಗೆ. ಪ್ರಮಾಣ ಬದಲಿಸಿದಾಗ ಕಾರ್ಬುರೇಟರನ್ನೂ ಮತ್ತೆ ಹೊಂದಿಸಿ.

ಪ್ರಶ್ನೆ: ಬಾಡಿಯ ಕಲೆ ತೆಗೆಯಲು ವಿನೆಗರಿನಲ್ಲಿ ನೆನೆಸಬಹುದೇ?

ಉತ್ತರ: ಖಂಡಿತ ಬೇಡ. ಆ ಕಾಲದ ಬಹಳಷ್ಟು ಬಾಡಿಗಳು ಮೆಗ್ನೀಸಿಯಂ ಎರಕದವು. ಆಮ್ಲ ಅದನ್ನು ತಿನ್ನುತ್ತದೆ, ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಸೀಮೆಎಣ್ಣೆ ಮತ್ತು ಬ್ರಷ್ ಸಾಕು. ಥ್ರೆಡ್ ಹೋದ ತೂತಿಗೆ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ತಂತಿಯ ಸುರುಳಿ) ಹಾಕಿ. ಕೊರೆದಾಗ ಬೀಳುವ ಮೆಗ್ನೀಸಿಯಂ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಉರಿಯುತ್ತದೆ. ಒಣ ಮರಳು ಪಕ್ಕದಲ್ಲಿರಲಿ.

ಪ್ರಶ್ನೆ: ಯಂತ್ರ ಸಿದ್ಧವಾಗಿದೆ. ಹಳೆಯ ಚೈನನ್ನೇ ಹಾಕಿ ಮರ ಕುಯ್ಯಬಹುದೇ?

ಉತ್ತರ: ಹೊಸ ಚೈನ್ ಹಾಕಿ. ಸಾಲಾಗಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರಿಂದ ಮೂರನೆಯದರವರೆಗೆ ಅಳೆದು ಎರಡರಿಂದ ಭಾಗಿಸಿದರೆ ಪಿಚ್ ಸಿಗುತ್ತದೆ: 9.3 ಮಿ.ಮೀ. ಬಂದರೆ 3/8 ಇಂಚಿನದು, 10.26 ಬಂದರೆ .404. ಅರ್ಧ ಇಂಚಿನ ಪಿಚ್ಚಿನ ಚೈನ್ ಈಗ ಸಿಗುವುದು ಕಷ್ಟ, ಆಗ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲುಚಕ್ರ) ಮತ್ತು ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಸೇರಿ ಮೂರನ್ನೂ ಬದಲಿಸಬೇಕು.

1970ರ ದಶಕಕ್ಕೆ ಹಿಂದಿನ ಯಂತ್ರಗಳಲ್ಲಿ ಚೈನ್ ಬ್ರೇಕ್ ಇರುವುದಿಲ್ಲ. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಮುಖದತ್ತ ಚಿಮ್ಮುತ್ತದೆ, ತಡೆಯಲು ನಿಮ್ಮ ಎಡಗೈ ಬಿಟ್ಟರೆ ಬೇರೇನೂ ಇಲ್ಲ. ಹೆಬ್ಬೆರಳನ್ನು ಮುಂದಿನ ಹಿಡಿಯ ಸುತ್ತ ಬಳಸಿ ಹಿಡಿಯಿರಿ, ಮೂತಿಯಿಂದ ಕುಯ್ಯಬೇಡಿ, ಹಿಂದೊದೆತ ಕಡಿಮೆ ಮಾಡುವ ಬಗೆಯ ಚೈನನ್ನೇ ಆರಿಸಿ. ಇಂಥ ಯಂತ್ರದಲ್ಲಿ ನೆಲದ ಮೇಲೆ ಬಿದ್ದ ದಿಮ್ಮಿ ತುಂಡು ಮಾಡುವುದಷ್ಟೇ ಸರಿ. ಮರ ಉರುಳಿಸುವ, ಕೊಂಬೆ ಸವರುವ ಕೆಲಸವನ್ನು ಬ್ರೇಕ್ ಇರುವ ಯಂತ್ರಕ್ಕೆ ಬಿಡಿ.